ಪರೀಕ್ಷೆಗೆ ಓದುವ ಓ.ಟಿ. ಸಿಸ್ಟರ್

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಯಾವುದನ್ನು ಹೊಕ್ಕರೂ, ಚೀಟಿ ಕೊಡುವ ಕಿಟಕಿಯ ನೂಕುನುಗ್ಗಲನ್ನೂ ಗುಳಿಗೆ ಕೊಡುವ ಕಿಟಕಿಯ ವಾಗ್ವಾದವನ್ನೂ ದಾಟಿ, ಪ್ರವೇಶ ನಿಷಿದ್ಧವೆಂದು ಬರೆದ ಬಾಗಿಲಿನ ಮುಂದೆ ತಾವು ಒಂದು ಗಳಿಗೆ ನಿಂತಿರಾದರೆ, ಒದ್ದೆಯಾದ ಎರಡೂ ಕೈಗಳನ್ನು ಮೊಣಕೈಗಿಂತ ಮೇಲೆತ್ತಿ ಹಿಡಿದು, ಆ ಬಾಗಿಲನ್ನು ಬೆನ್ನಿನಿಂದಲೇ ತಳ್ಳಿಕೊಂಡು ಒಳಗೆ ಸರಿಯುವ ಒಬ್ಬ ಮಹಿಳೆಯ ದರ್ಶನ ಆಗಿಯೇ ತೀರುವುದು. ಸರಕಾರವು ಈಕೆಗೆ ಶುಶ್ರೂಷಾಧಿಕಾರಿ ಎಂಬ ಗಂಭೀರ ನಾಮಧೇಯವನ್ನು ದಯಪಾಲಿಸಿದೆ. ಊರವರಿಗೆ ಮಾತ್ರ ಆಕೆ ಇಂದಿಗೂ ಓ.ಟಿ. ಸಿಸ್ಟರ್.

ಸಿಜೇರಿಯನ್ ಆಗಲಿ, ಹರ್ನಿಯಾ ಆಗಲಿ, ಸಂತಾನಹರಣ ಶಿಬಿರವೇ ಆಗಲಿ, ಡಾಕ್ಟರು ಬಾಯಿ ತೆರೆಯುವುದರೊಳಗೆ ಬೇಕಾದ ಉಪಕರಣವನ್ನು ಅವರ ಅಂಗೈಯಲ್ಲಿಡುವಷ್ಟು ಪಳಗಿದ ಈ ಸಿಸ್ಟರ್, ಯಾವುದೋ ಒಂದು ಮುಹೂರ್ತದಲ್ಲಿ, ತನ್ನ ಕೈ ಬಲ್ಲ ವಿದ್ಯೆಯನ್ನು ಕಾಗದದ ಮೇಲೂ ಸಿದ್ಧಪಡಿಸಿಬಿಡಬೇಕೆಂದು ಸಂಕಲ್ಪಿಸುತ್ತಾಳೆ. ಭಾರತೀಯ ನರ್ಸಿಂಗ್ ಪರಿಷತ್ತು ಇಂಥವರಿಗೆಂದೇ ‘ಪೋಸ್ಟ್ ಬೇಸಿಕ್ ಡಿಪ್ಲೊಮಾ ಇನ್ ಆಪರೇಷನ್ ರೂಮ್ ನರ್ಸಿಂಗ್’ ಎಂಬ, ಹೆಸರನ್ನು ಹೇಳುವುದೇ ಒಂದು ಮೌಖಿಕ ಪರೀಕ್ಷೆಯಾದ, ಒಂದು ವರ್ಷದ ವ್ಯಾಸಂಗವನ್ನು ಏರ್ಪಡಿಸಿದೆ. ಅದಕ್ಕೆ ಕಳುಹಿಸಿಕೊಡಬೇಕೆಂಬ ಅರ್ಜಿಯು ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಮಾಡುತ್ತಿರುವಾಗಲೇ, ಪ್ರವೇಶ ದೊರೆಯದ ತರಗತಿಯ ಅಂತಿಮ ಪರೀಕ್ಷೆಗೆ ಈಕೆ ಓದಲು ಕೂತುಬಿಡುವಳು. ದುಬೈಯಲ್ಲಿರುವ ಗೆಳತಿಯೊಬ್ಬಳು ಫೋನಿನಲ್ಲಿ, ಅಮೆರಿಕದವರ ಸಿ.ಎನ್.ಓ.ಆರ್. ಎಂಬ ಪರೀಕ್ಷೆಯಲ್ಲಿ 200 ಪ್ರಶ್ನೆಗಳಿರುವುವೆಂದೂ, ಅದಕ್ಕೆ ಕೂರುವ ಮುನ್ನ 2400 ಗಂಟೆಗಳ ಅನುಭವವನ್ನು ತೋರಿಸಬೇಕೆಂದೂ ತಿಳಿಸಿದಳಂತೆ. ಸಿಸ್ಟರ್ ಆ ರಾತ್ರಿಯೇ ತನ್ನ ಗಂಟೆಗಳನ್ನು ಕೂಡಿಸತೊಡಗಿ, ಶಿಬಿರಗಳ ಲೆಕ್ಕ ಮುಗಿಯುವ ಮೊದಲೇ ಆ ಮೊತ್ತ ದಾಟಿಹೋದುದನ್ನು ಕಂಡು, ಅಮೆರಿಕದ ಮೇಲೆ ತನಗಿದ್ದ ಗೌರವವನ್ನು ಕೊಂಚ ಕಡಿಮೆ ಮಾಡಿಕೊಂಡಳು.

ಓದುವುದಕ್ಕೆ ಏಕಾಂತವೆಲ್ಲಿ? ಅಫಜಲಪುರದಿಂದ ಕಲಬುರಗಿಗೆ ಹೋಗುವ ಬಸ್ಸೇ ಆಕೆಯ ಗ್ರಂಥಾಲಯ. ಚೌಡಾಪುರದಲ್ಲಿ ಗಾಣಗಾಪುರದ ದತ್ತನ ದರ್ಶನ ಮುಗಿಸಿ ಬಂದ ಭಕ್ತರು ಹತ್ತಿಕೊಂಡಾಗ, ಕಿಟಕಿಯ ಪಕ್ಕದಲ್ಲಿ ಕಣ್ಣು ಮುಚ್ಚಿ “ಆಲಿಸ್, ಬ್ಯಾಬ್ಕಾಕ್, ಕೋಕರ್, ಮಸ್ಕಿಟೋ” ಎಂದು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತ ತುಟಿಯಾಡಿಸುತ್ತಿರುವ ಈ ಹೆಂಗಸನ್ನು ಕಂಡು, ಇದಾವುದೋ ಉಗ್ರವಾದ ಜಪವಿರಬೇಕೆಂದು ಒಬ್ಬ ಮುದುಕಿ ಕೈಮುಗಿದದ್ದುಂಟು. ಸತ್ತ ಸರ್ಜನ್ನರೆಲ್ಲ ಇಕ್ಕಳಗಳಾಗಿ ಪುನರ್ಜನ್ಮವೆತ್ತಿರುವ ಈ ಶಾಸ್ತ್ರದಲ್ಲಿ ಅದು ಜಪವಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಆಕೆಗೆ ಪ್ರಿಯವಾದದ್ದು ಮಾತ್ರ ರಬ್ಬರ್ ಗ್ಲೋವ್ಸಿನ ಇತಿಹಾಸ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹಾಲ್ಸ್ಟೆಡ್ ಎಂಬ ಸರ್ಜನ್, ತನ್ನ ಥಿಯೇಟರಿನ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ನಳ ಕೈಗಳು ಕ್ರಿಮಿನಾಶಕದಿಂದ ಬಿರಿದುಹೋದುದನ್ನು ನೋಡಲಾರದೆ, ಗುಡ್‌ಇಯರ್ ಕಂಪನಿಯಿಂದ ತೆಳುವಾದ ಗ್ಲೋವ್ಸ್ ಮಾಡಿಸಿಕೊಟ್ಟು, 1890ರಲ್ಲಿ ಆಕೆಯನ್ನೇ ವರಿಸಿದನು. ಈ ಕಥೆಯನ್ನು ಹೇಳಿ ಮುಗಿಸುವಾಗ ಸಿಸ್ಟರಿನ ದೃಷ್ಟಿಯು, ಡಿಟರ್ಜೆಂಟಿನಿಂದ ಒರಟಾದ ತನ್ನ ಕೈಗಳಿಂದ ಹೊರಟು, ದಿನಪತ್ರಿಕೆಯಲ್ಲಿ ಮುಳುಗಿದ ಯಜಮಾನರ ಮೇಲೆ ಹೋಗಿ ನಿಲ್ಲುವುದು.

ಆದರೆ ಪಠ್ಯಪುಸ್ತಕದ ನಿಜವಾದ ಪ್ರಕೋಪವನ್ನು ಅನುಭವಿಸುವುದು ಅಡಿಗೆಮನೆ. ಹದಿನೈದು ಪೌಂಡಿನ ಒತ್ತಡದಲ್ಲಿ ಆಟೋಕ್ಲೇವಿನ ಹಬೆಯು 121 ಡಿಗ್ರಿ ತಲುಪುವುದೆಂದೂ, ಮನೆಯ ಕುಕ್ಕರಿನದೂ ಹೆಚ್ಚುಕಡಿಮೆ ಅದೇ ಒತ್ತಡವೆಂದೂ ಅರಿತ ದಿನದಿಂದ, 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ತೊಗರಿಬೇಳೆಯು ಆ ಮನೆಯಲ್ಲಿ ಬೇಯುವುದನ್ನು ಬಿಟ್ಟು ನಿರ್ಜಂತುಕವಾಗತೊಡಗಿತು. ಮಾಪ್ ಕೌಂಟಿನ ಅಧ್ಯಾಯವಂತೂ ರೊಟ್ಟಿಯವರೆಗೂ ವ್ಯಾಪಿಸಿತು. ಶಸ್ತ್ರಚಿಕಿತ್ಸೆಗೆ ಮೊದಲೊಮ್ಮೆ, ಹೊಟ್ಟೆ ಮುಚ್ಚುವ ಮುನ್ನ ಒಮ್ಮೆ, ಚರ್ಮಕ್ಕೆ ಹೊಲಿಗೆ ಹಾಕುವಾಗ ಮತ್ತೊಮ್ಮೆ, ರಕ್ತ ಹೀರುವ ಬಟ್ಟೆಯ ತುಂಡುಗಳನ್ನೂ ಸೂಜಿಗಳನ್ನೂ ಇಬ್ಬರು ಕೂಡಿ ಗಟ್ಟಿಯಾಗಿ ಎಣಿಸಿ ತಾಳೆ ನೋಡಬೇಕಷ್ಟೆ.

“ಅತ್ತಿ, ಎಷ್ಟು ರೊಟ್ಟಿ ಬಡದೀರಿ?”

“ಹನ್ನೆರಡು.”

“ಬುಟ್ಟಿಯೊಳಗ ಹನ್ನೊಂದೇ ಅದಾವಲ್ರಿ!”

“ಬಿಸಿದೊಂದು ನಿನ್ನ ಮಗ ತಿಂದಾನವ್ವ.”

“ತಿಂದಿದ್ದು ಯಾರು ಬರ್ಕೊಂಡೀರಿ? ಲೆಕ್ಕ ಹತ್ತೋತನಕ ಬುಟ್ಟಿ ಮುಚ್ಚಬ್ಯಾಡ್ರಿ.”

ಈ ಲೆಕ್ಕದ ಹುಚ್ಚನ್ನು ಕಂಡು ನಗುವವರು ನಗಲಿ. ಒಂದು ತುಂಡು ಬಟ್ಟೆಯನ್ನು ಹೊಟ್ಟೆಯೊಳಗೆ ಮರೆತ ವಿದ್ಯೆಗೆ ಯಾವ ಪದವಿಯೂ ಶೋಭೆ ತಾರದು. ಮರೆಯುವವರು ದಡ್ಡರೂ ಅಲ್ಲ, ‘ಎಲ್ಲ ಸರಿಯಾಗಿಯೇ ಇದ್ದೀತು’ ಎಂದುಕೊಂಡ ನಿಪುಣರೇ. ಈ ನೈಪುಣ್ಯಕ್ಕೆ ಹೆದರಿಯೇ ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಒಂದು ಪಟ್ಟಿಯನ್ನು ಹೊರಡಿಸಿ, ಅರಿವಳಿಕೆಗೆ ಮುನ್ನ, ಕತ್ತಿ ತಾಗಿಸುವ ಮುನ್ನ, ರೋಗಿ ಹೊರಹೋಗುವ ಮುನ್ನ, ಹೀಗೆ ಮೂರು ಕಡೆ ನಿಂತು ಕೇಳಿರೆಂದು ವಿಧಿಸಿತು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪಾಲಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ಬಳಿಕದ ಮರಣವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದುದಾಗಿ 2009ರಲ್ಲಿ ವರದಿಯಾಯಿತು. ನಮ್ಮ ಸಿಸ್ಟರಿಗೆ ಈ ಪಟ್ಟಿ ಕಂಠಪಾಠ. ಅದನ್ನು ರೋಗಿಗಳಿಗೆ ಮನವರಿಕೆ ಮಾಡಿಕೊಡುವ ಅಧ್ಯಾಯವೊಂದು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ.

ಹರ್ನಿಯಾದ ನೋವಿನಿಂದ ಬಂದ ಆಳಂದದ ಕಡೆಯ ರೈತನೊಬ್ಬನಿಗೆ ವಾರ್ಡಿನಲ್ಲೊಮ್ಮೆ, ಬಾಗಿಲಲ್ಲೊಮ್ಮೆ, ಮೇಜಿನ ಮೇಲೆ ಮಲಗಿಸಿದ ಮೇಲೆ ಮತ್ತೊಮ್ಮೆ ‘ಹೆಸರೇನು, ಯಾವ ಕಡೆ, ಎಡಕೋ ಬಲಕೋ’ ಎಂದು ಕೇಳಿದಾಗ, ಆತ ತಟ್ಟನೆ ಎದ್ದು ಕುಳಿತು ಮಗನನ್ನು ಕೂಗತೊಡಗಿದನಂತೆ: “ಏ, ಗಾಡಿ ಹಚ್ಚೋ ತಮ್ಮಾ, ಸೊಲ್ಲಾಪುರಕ್ಕ ಹೋಗೂನು! ಮುಂಜಾನಿಂದ ಹೇಳೇ ಹೇಳಾಕತ್ತೀನಿ, ನನ್ನ ಹೆಸರೂ ಗೊತ್ತಿಲ್ಲ, ಬ್ಯಾನಿ ಎಲ್ಲದ ಅಂತನೂ ಗೊತ್ತಿಲ್ಲ ಇವರಿಗೆ!”

ಸಿಸ್ಟರ್ ಎತ್ತಿದ ಕೈಗಳನ್ನು ಇಳಿಸದೆ, ದನಿಯನ್ನೂ ಏರಿಸದೆ ಅಂದಳು: “ಸೊಲ್ಲಾಪುರಕ್ಕ ಹೋದ್ರ ಇದನ್ನೇ ಮರಾಠಿಯೊಳಗ ಕೇಳ್ತಾರ್ರಿ ಕಾಕಾ. ಇಲ್ಲೇ ಹೇಳ್ರಿ.”