ಡಿಸ್ಕಿಗೆ ಜಡ್ಡು, ಓಣಿಗೆಲ್ಲಾ ವೈದ್ಯಕಿ

ಧಾರವಾಡದಾಗ ಮಳಿ ಹಿಡೀತಂದ್ರ ಕರೆಂಟ್ ಹೋಗೂದು ಹೊಸಾದೇನಲ್ಲ. ಆದ್ರ ಮನಿ ಸ್ಟೋರೇಜ್ ಸರ್ವರ್ ಡಿಸ್ಕಿಗೆ ಬರಿಯೂ ಹೊತ್ತಿನ್ಯಾಗ ಕರೆಂಟ್ ಹೋತಂದ್ರ ಫೈಲ್ ಸಿಸ್ಟಮ್ಮೇ ಕೆಡಬಹುದು. ಆವಾಗ ಓಣಿಯವರೆಲ್ಲಾ ಡಾಕ್ಟರ್! ‘ಫಾರ್ಮ್ಯಾಟ್ ಹೊಡೀರಿ’ ಅಂತಾನ ಒಬ್ಬ. ‘ಫ್ರಿಜ್ಜಿನ್ಯಾಗ ಇಡ್ರಿ’ ಅಂತಾನ ಇನ್ನೊಬ್ಬ, ಪೇಢೆ ಜೋಡಿ! ಎರಡೂ ಬ್ಯಾಡ. ಕೆಟ್ಟ ಡಿಸ್ಕಿಗೆ ಒಂದಕ್ಷರಾನೂ ಬರೀಬಾರದು. ಮೊದಲು ಡಿಡಿರೆಸ್ಕ್ಯೂ ಅನ್ನೂ ತಂತ್ರಾಂಶದಿಂದ ಪೂರ್ತಿ ನಕಲು ತಗೊಂಡು, ರಿಪೇರಿ ಏನಿದ್ರೂ ಆ ನಕಲಿನ ಮ್ಯಾಲೆ. ಟಕಟಕ ಸಪ್ಪಳ ಬಂದ್ರ ಬಂದ್ ಮಾಡಿ ಬಲ್ಲವರ ಕೈಗೆ ಕೊಡ್ರಿ.

‘ನಮ್ಮದು ರೇಡ್ 1, ಎರಡು ಡಿಸ್ಕ್ ಅದಾವ’ ಅಂತ ಮೀಸಿ ತಿರುವವರೇ, ಅದು ಬರೇ ಕನ್ನಡಿ, ಒಂದರಾಗ ಅಳಿಸಿದ್ದು ಇನ್ನೊಂದರಾಗೂ ಅಳಿಸತೈತಿ. ಅದಕ್ಕ ಮದುವಿ ಫೋಟೊದ್ದು ಒಂದು ಪ್ರತಿ ಹುಬ್ಬಳ್ಳಿ ಬೀಗರ ಮನ್ಯಾಗೂ ಇಡ್ರಿ. ಬೀಗರು ಯಾವುದನ್ನೂ ಮರಿಯಂಗಿಲ್ಲ!