ಒಳ್ಳೇ ಕಣ್ಣಿಗೇಕೆ ಪಟ್ಟಿ?

"ಅಲ್ಲಾ ಕಣ್ರೀ, ಮಂಜಾಗಿರೋ ಕಣ್ಣು ಬಿಟ್ಟು ಚೆನ್ನಾಗಿರೋ ಕಣ್ಣನ್ನೇ ಮುಚ್ಚಿದ್ದಾರಲ್ಲ ಡಾಕ್ಟ್ರು, ಇದ್ಯಾವ ವೈದ್ಯ?" ಕಾಂಪೌಂಡಿನ ಆಚೆಯಿಂದ ಸರೋಜಕ್ಕ ಕೇಳಿದರು. ಮೊಮ್ಮಗಳಿಗೆ ಐದು ವರ್ಷ. ಕನ್ನಡಕ, ಅದರೊಳಗೆ ಪಟ್ಟಿ.

"ಸರಿಯಾದ ವೈದ್ಯವೇ ಸರೋಜಕ್ಕ. ಕಣ್ಣು ಕಳಿಸಿದ್ದನ್ನು ಅರ್ಥ ಮಾಡಿಕೊಳ್ಳೋದು ಮಿದುಳು. ಆ ಶಕ್ತಿ ಹುಟ್ಟುವಾಗಲೇ ಪೂರ್ತಿ ಇರೋದಿಲ್ಲ, ನೋಡ್ತಾ ನೋಡ್ತಾ ಬಲಿಯುತ್ತೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಹ್ಯೂಬೆಲ್, ವೀಸೆಲ್ ಅನ್ನೋ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ಆಮೇಲೆ ಬಿಚ್ಚಿ ನೋಡಿದರು."

"ಅಯ್ಯೋ, ಪಾಪದ ಮರಿಗಳು!"

"ಓದುವಾಗ ನನಗೂ ಕರುಳು ಚುರುಕ್ ಅಂತು. ಕಣ್ಣೇನೋ ಚೆನ್ನಾಗೇ ಇತ್ತು, ಆದರೆ ಮಿದುಳಿನಲ್ಲಿ ಅದಕ್ಕೆ ಸ್ಪಂದಿಸೋ ಕೋಶಗಳೇ ಹೆಚ್ಚುಕಡಿಮೆ ಇಲ್ಲವಾಗಿದ್ದವು. ಬೆಳೆದ ಬೆಕ್ಕಿಗೆ ಹಾಗೇ ಮಾಡಿದರೆ ಏನೂ ಆಗಲಿಲ್ಲ. ಎರಡೂ ಕಣ್ಣು ಮುಚ್ಚಿದ ಮರಿಗಳಲ್ಲಿ ಎಷ್ಟೋ ಕೋಶಗಳು ಇನ್ನೂ ಸ್ಪಂದಿಸ್ತಿದ್ದವು! ಅಂದರೆ ಇದು ಬರೀ ಕತ್ತಲೆಯ ಕೇಡಲ್ಲ, ಎರಡು ಕಣ್ಣುಗಳ ಪೈಪೋಟಿ. ತಮ್ಮ ಊರಲ್ಲಿಲ್ಲದಾಗ ಅಣ್ಣ ಬದು ಒತ್ತಿಕೊಂಡ ಹಾಗೆ, ತೆರೆದ ಕಣ್ಣು ಮುಚ್ಚಿದ ಕಣ್ಣಿನ ಜಾಗಾನೂ ಹಿಡಿದಿತ್ತು. 1981ರಲ್ಲಿ ಅವರಿಗೆ ನೊಬೆಲ್ ಬಂತು."

"ಅದಕ್ಕೇ ಬಲವಾದ ಕಣ್ಣನ್ನು ಸ್ವಲ್ಪ ಹೊತ್ತು ಕಟ್ಟಿಡೋದೋ?"

"ಅದಕ್ಕೇ. ಸೋತ ಕಣ್ಣಿಗೆ ಆಗ ಮಿದುಳಲ್ಲಿ ಮತ್ತೆ ಜಾಗ ಸಿಗುತ್ತೆ. ಚಿಕ್ಕ ವಯಸ್ಸಲ್ಲೇ ಗೊತ್ತಾಗಿದ್ದು ಪುಣ್ಯ."

"ದೊಡ್ಡವರಾದ ಮೇಲೆ ಗೊತ್ತಾದವರ ಗತಿ?"

"ಕಷ್ಟ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ ಸರೋಜಕ್ಕ. ಅಮೆರಿಕದ ಎಂಐಟಿಯ ವಿಜ್ಞಾನಿ ಪವನ್ ಸಿನ್ಹಾ ಅವರ 'ಪ್ರಕಾಶ್' ಯೋಜನೆಯಲ್ಲಿ ನಮ್ಮ ದೇಶದ ಕುರುಡು ಮಕ್ಕಳಿಗೆ ಆಪರೇಷನ್ ಮಾಡಿಸ್ತಾರೆ. ಹುಟ್ಟಿನಿಂದ ಕಾಣದಿದ್ದ, 8ರಿಂದ 17 ವರ್ಷದ ಐದು ಮಕ್ಕಳ ವಿಷಯ 2011ರಲ್ಲಿ ಪ್ರಕಟವಾಯ್ತು. ದೃಷ್ಟಿ ಬಂದ ಹೊಸದರಲ್ಲಿ, ಕೈಯಲ್ಲಿ ಮುಟ್ಟಿ ತಿಳಿದ ಆಕಾರ ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಅವರಿಗೆ ಆಗಲಿಲ್ಲ. ಕೆಲವೇ ದಿನಗಳಲ್ಲಿ ಆ ಸಾಮರ್ಥ್ಯ ಬಂತು. ಅಷ್ಟು ತಡವಾದರೂ! ದೃಷ್ಟಿಯ ಸೂಕ್ಷ್ಮ ಮಾತ್ರ ನಮ್ಮಷ್ಟು ಆಗೋದಿಲ್ಲ."

ಸರೋಜಕ್ಕ ಸ್ವಲ್ಪ ಯೋಚಿಸಿದರು. "ನಮ್ಮ ಪುಟ್ಟಿ ಒಂದು ದಿನಾನೂ ಕಾಣಿಸಲ್ಲ ಅಂದಿರಲಿಲ್ಲ."

"ಇನ್ನೊಂದು ಕಣ್ಣು ಕಾಣ್ತಿತ್ತಲ್ಲ, ಮಗುವಿಗೆ ಹೇಗೆ ಗೊತ್ತಾಗುತ್ತೆ? ತಮ್ಮನಿಗೂ ಒಂದ್ಸಲ ಪರೀಕ್ಷೆ ಮಾಡಿಸಿ, ಇದು ಮನೆತನದಲ್ಲೂ ಬರಬಹುದು."

"ಅವನಿಗಿನ್ನೂ ಮೂರು. ಅ, ಆ ಕೂಡ ಬರಲ್ಲ."

"ಬೇಕಾಗಿಲ್ಲ. ಚಿತ್ರ ತೋರಿಸಿ ನೋಡ್ತಾರೆ."