ಟರ್ನಿಪ್ ಭಾವನವರು

ಬಹುಕಾಲ ಪರಸ್ಥಳದಲ್ಲಿ ಸರ್ಕಾರದ ಚಾಕರಿ ಮಾಡಿ, ವಿಶ್ರಾಂತಿವೇತನದೊಡನೆ ಸ್ವಸ್ಥಳಕ್ಕೆ ಹಿಂದಿರುಗಿದ ಮಹನೀಯರಲ್ಲಿ ಒಂದು ವರ್ಗವುಂಟು. ಇವರು ಬಿಟ್ಟು ಬಂದ ಊರನ್ನು ನಿಜವಾಗಿ ಬಿಟ್ಟು ಬಂದವರಲ್ಲ. ಅದನ್ನು ಹೋಲ್ಡಾಲಿನಲ್ಲಿ ಸುತ್ತಿಕೊಂಡು ಬಂದು, ನೆಂಟರಿಷ್ಟರ ಮನೆಗಳಲ್ಲಿ ದಿನಕ್ಕಿಷ್ಟರಂತೆ ಬಿಚ್ಚಿ ಹರಡತಕ್ಕವರು. ಮುಂಬಯಿಯಿಂದ ಬಂದವರು ಅಲ್ಲಿಯ ಲೋಕಲ್ ರೈಲನ್ನೂ, ಕಲ್ಕತ್ತೆಯಿಂದ ಬಂದವರು ಅಲ್ಲಿಯ ರಸಗುಲ್ಲವನ್ನೂ ಹೊಗಳಿ ಸುಮ್ಮನಾಗುತ್ತಾರೆ. ಅದರಿಂದ ಯಾರಿಗೂ ಕೇಡಿಲ್ಲ. ದೆಹಲಿಯಿಂದ ಬಂದವರು ಮಾತ್ರ ಅಡಿಗೆಯ ಮನೆಯವರೆಗೂ ಬರುತ್ತಾರೆ. ಇದು ನಾನು ದೀರ್ಘ ವಿಚಾರಣೆಯಿಂದ ಕಂಡುಕೊಂಡ ಸಾಮಾನ್ಯ ಸಿದ್ಧಾಂತ. ಇದಕ್ಕೆ ಆಧಾರವಾಗಿ ನನ್ನ ಬಳಿ ಇರುವ ನಿದರ್ಶನ ಒಂದೇ ಒಂದು: ನನ್ನ ಹೆಂಡತಿಯ ಅಣ್ಣ.

ನನಗೆ ಅವರು ಭಾವನವರು. ವಯಸ್ಸಿನಲ್ಲಿ ಹಿರಿಯರು, ಹೆಣ್ಣು ಕೊಟ್ಟ ಮನೆಯವರು, ಸ್ವಭಾವತಃ ಪರಮ ಸಾಧುಗಳು; ಆದ್ದರಿಂದ ಎದುರಾಡುವುದಕ್ಕೆ ಶಾಸ್ತ್ರವೂ ಇಲ್ಲ, ಮನಸ್ಸೂ ಬರುವುದಿಲ್ಲ. ಬೆಳಿಗ್ಗೆ ಪತ್ರಿಕೆ ಬಂದೊಡನೆ ಅವರು ಮೊದಲು ನೋಡುವುದು ದೆಹಲಿಯ ಉಷ್ಣಾಂಶವನ್ನು. ಕನಿಷ್ಠ 4 ಡಿಗ್ರಿ ಎಂದಿದ್ದರೆ ಮುಖ ಅರಳುತ್ತದೆ. ‘ಬೆಂಗಳೂರಿನದೂ ಒಂದು ಚಳಿಯೇ?’ ಎಂದು ತಾತ್ಸಾರದಿಂದ ಕೇಳುವಾಗಲೂ ಕೊರಳಿನ ಮಫ್ಲರನ್ನು ಸಡಿಲಿಸುವುದಿಲ್ಲ. ಡಿಕಾಕ್ಷನ್ನು ಇಳಿಯುವ ಘಮಘಮದ ನಡುವೆ ಕುಳಿತು ಶುಂಠಿ ಹಾಕಿದ ಚಹ ಕೇಳುತ್ತಾರೆ. ಇವೆಲ್ಲ ಸಹ್ಯ. ಸಹ್ಯವಲ್ಲದ್ದು ಟರ್ನಿಪ್.

ಬೆಂಗಳೂರಿನಲ್ಲಿ ಪುಷ್ಯಮಾಸವೆಂದರೆ ಅವರೆಕಾಯಿಯ ಮಾಸ. ಮಾಗಡಿಯ ಕಡೆಯಿಂದ ಮೂಟೆಮೂಟೆಯಾಗಿ ಬಂದಿಳಿದ ಕಾಯಿ ಗಾಂಧಿಬಜಾರಿನ ಬೀದಿಬದಿಯಲ್ಲಿ ರಾಶಿ ಬಿದ್ದು, ಸೊಗಡಿನ ಜಿಡ್ಡು ಕೊಂಡವರ ಬೆರಳಿಗೂ ಮಾರಿದವರ ಬೆರಳಿಗೂ ಅಂಟಿ, ನೆನೆಹಾಕಿದ ಕಾಳಿನ ಪಾತ್ರೆಯ ಸುತ್ತ ಹೆಂಗಸರು ಮಕ್ಕಳೆಲ್ಲ ಕುಳಿತು ಊರಿಗೂರೇ ಬೇಳೆ ಹಿದುಕುತ್ತಿರುವ ಆ ಪುಣ್ಯಕಾಲದಲ್ಲಿ, ನಮ್ಮ ಭಾವನವರು ಬಸ್ಸು ಬದಲಿಸಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯವರೆಗೂ ಹೋಗಿ, ಚೀಲದ ತುಂಬ ಟರ್ನಿಪ್ ಹೊತ್ತು ನಮ್ಮ ಮನೆಗೆ ದಯಮಾಡಿಸುತ್ತಾರೆ.

‘ಪುಟ್ಟಿ, ಶಲ್ಗಮ್ ತಂದಿದೀನಿ ಕಣೇ!’

ಮೊದಲ ಸಲ ಅದನ್ನು ಕಂಡಾಗ ನಮ್ಮ ತಾಯಿಯವರು ಕನ್ನಡಕ ಸರಿಪಡಿಸಿಕೊಂಡು, ‘ಇದೇನಪ್ಪ, ಅರ್ಧ ಮೂಲಂಗಿ, ಅರ್ಧ ಬೀಟ್‌ರೂಟು?’ ಎಂದರು. ಭಾವನವರು ಅತ್ಯಂತ ವಿನಯದಿಂದ, ನೆಲದ ಮೇಲೆ ತಲೆಯೆತ್ತಿ ಬಿಸಿಲು ಕಂಡ ಭಾಗ ನೇರಳೆಯಾಗುತ್ತದೆಂದೂ, ಮಣ್ಣಿನೊಳಗಿದ್ದದ್ದು ಬೆಳ್ಳಗೆ ಉಳಿಯುತ್ತದೆಂದೂ, ಕುಲದಲ್ಲಿ ಇದು ಸಾಸಿವೆಗೂ ಎಲೆಕೋಸಿಗೂ ದಾಯಾದಿಯೆಂದೂ ವಿವರಿಸಿದರು. ಕಾಶ್ಮೀರದಲ್ಲಿ ಇದನ್ನು ರಾಜ್ಮಾದೊಡನೆ ಬೇಯಿಸುತ್ತಾರೆ. ಪಂಜಾಬಿನಲ್ಲಿ ಹೂಕೋಸು ಗಜ್ಜರಿಯೊಡನೆ ಕೂಡಿಸಿ, ಬೆಲ್ಲ ಸಾಸಿವೆ ಹಾಕಿ ಸಿಹಿಹುಳಿಯ ಉಪ್ಪಿನಕಾಯಿ ಮಾಡುತ್ತಾರೆ. ಮಾಂಸದೊಡನೆ ಇಡೀ ರಾತ್ರಿ ಸಣ್ಣ ಉರಿಯಲ್ಲಿ ಬೇಯಿಸುವ ಕ್ರಮವೊಂದನ್ನು ಮಾತ್ರ ತಾಯಿಯವರು ಒಳಗೆ ಹೋದ ಮೇಲೆ, ದನಿ ತಗ್ಗಿಸಿ, ನನ್ನೊಬ್ಬನ ಕಿವಿಗೆ ಹೇಳಿದರು. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಅದನ್ನು ವರ್ಣಿಸಿದ ಸೊಬಗನ್ನು ನೀವು ಕೇಳಬೇಕಾಗಿತ್ತು.

ಇಷ್ಟು ತಿಳಿದವರು ಎಂದಾದರೂ ಒಂದು ದಿನ ತಾವೇ ಸೌಟು ಹಿಡಿದಾರೆಂದು ಎಣಿಸಿದರೆ ಅದು ನಿಮ್ಮ ಭ್ರಮೆ. ಬೆತ್ತದ ಕುರ್ಚಿಯನ್ನು ಅಡಿಗೆಮನೆಯ ಹೊಸ್ತಿಲಿಗೆ ಎಳೆದುಕೊಂಡು, ಕಾಲಮೇಲೆ ಕಾಲು ಹಾಕಿ ಕುಳಿತು, ಅವರು ಆಜ್ಞೆ ಹೊರಡಿಸುತ್ತಾರೆ. ಸಿಪ್ಪೆಯನ್ನು ತೆಳ್ಳಗೆ ಹೆರೆದರೆ ಸಾಲದು. ಅದರಡಿಯಲ್ಲಿ ನಾರಿನ ಪದರವೊಂದುಂಟು, ಅದೂ ಹೋಗಬೇಕು. ನನ್ನಾಕೆ ಈಳಿಗೆಮಣೆಯ ಮುಂದೆ ಕುಳಿತು ದಪ್ಪದಪ್ಪನಾಗಿ ಸಿಪ್ಪೆ ತೆಗೆಯುತ್ತ ಹೋದಂತೆ ಗಡ್ಡೆ ನಿಂಬೆಹಣ್ಣಿನಷ್ಟಾಗುತ್ತದೆ. ಬಳಿಕ ಬಾಣಲೆ. ಮುಚ್ಚಳ ಮುಚ್ಚತಕ್ಕದ್ದಲ್ಲ ಎಂಬುದು ಎರಡನೆಯ ಆಜ್ಞೆ. ಮುಚ್ಚದಿದ್ದರೆ ಬೇಯುವುದು ಯಾವಾಗ ಎಂಬುದು ನನ್ನಾಕೆಯ ಪ್ರಶ್ನೆ. ಅಣ್ಣ ಕೈ ತೊಳೆಯಲು ಹಿತ್ತಿಲಿಗೆ ಹೋದ ಸಮಯ ನೋಡಿ ಆಕೆ ತಟ್ಟೆಯೊಂದನ್ನು ಕವುಚಿದಳು; ಮತ್ತೆ ತೆಗೆದಾಗ ಹೊರಟ ಗಂಧಕದ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡದ್ದನ್ನು ನಾನೇ ಕಂಡೆ. ‘ಮುಚ್ಚಿದೆಯಲ್ಲವೇನೇ ಪುಟ್ಟಿ?’ ಎಂಬ ದನಿ ಹಿತ್ತಿಲಿನಿಂದ ಬಂತು. ಅದರಲ್ಲಿ ಕೋಪವಿರಲಿಲ್ಲ, ಕೇವಲ ವ್ಯಥೆಯಿತ್ತು. ಉಪ್ಪು ಬಿದ್ದೊಡನೆ ಗಡ್ಡೆ ನೀರು ಬಿಟ್ಟಿತು. ನೂರಕ್ಕೆ 90 ಭಾಗಕ್ಕಿಂತ ಹೆಚ್ಚು ನೀರೇ ಇರುವ ಪದಾರ್ಥ ಬಿಡದೆ ಏನು ಮಾಡೀತು? ಆ ನೀರೆಲ್ಲ ಇಂಗುವವರೆಗೆ ಶುಂಠಿ, ಟೊಮ್ಯಾಟೊ, ಧನಿಯಾಪುಡಿಗಳೊಡನೆ ಕೈ ಬಿಡದೆ ಬಾಡಿಸುತ್ತಿರಬೇಕೆಂಬುದು ಮೂರನೆಯ ಆಜ್ಞೆ. ಆಕೆ ಬಾಡಿಸಿದಳು, ಗಡ್ಡೆಗಿಂತ ಮೊದಲು ತಾನು ಬಾಡಿದಳು. ಕಟ್ಟಕಡೆಗೆ ಎಲ್ಲವೂ ಸರಿಹೋಯಿತೆನ್ನುವಷ್ಟರಲ್ಲಿ, ಎಂದಿನ ರೂಢಿಯ ಬಲದಿಂದ, ಕರಿಬೇವಿನ ಒಗ್ಗರಣೆ ಕೊಟ್ಟು ಒಂದು ಹಿಡಿ ತೆಂಗಿನ ತುರಿ ಉದುರಿಸಿಬಿಟ್ಟಳು.

‘ಕಾಯಿತುರಿ!’ ಎಂದರು ಭಾವನವರು. ಕೆಲವು ಕ್ಷಣ ಮಾತಿಲ್ಲ. ಬಳಿಕ ಎಲೆಯ ಮುಂದೆ ಕುಳಿತು, ಎರಡು ಸಲ ಬಡಿಸಿಕೊಂಡು, ಬೆರಳು ನೆಕ್ಕಿ, ತೀರ್ಪು ಕೊಟ್ಟರು: ‘ಚೆನ್ನಾಗಿದೆ. ಆದರೆ ಆ ರುಚಿ ಬರಲಿಲ್ಲ.’ ತಂಗಿಯದು ತಪ್ಪಲ್ಲವಂತೆ. ಕೊರೆಯುವ ಚಳಿ ತಗುಲಿದರೆ ಮಾತ್ರ ಟರ್ನಿಪ್ಪಿಗೆ ಸಿಹಿ ಕೂಡುತ್ತದೆ, ಆ ಚಳಿ ಈ ಊರಿನಲ್ಲಿಲ್ಲವಂತೆ. ಪ್ರತಿ ವರ್ಷವೂ ಇದೇ ತೀರ್ಪು.

ಪಂಡಿತರನ್ನು ಪಾಂಡಿತ್ಯದಿಂದಲೇ ಗೆಲ್ಲಬೇಕೆಂದು ನಾನೂ ಪುಸ್ತಕಗಳನ್ನು ತಿರುವಿಹಾಕಿದೆ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಟೌನ್‌ಷೆಂಡ್ ಎಂಬ ಪ್ರಭುವಿದ್ದ. ರಾಜ್ಯದ ದೊಡ್ಡ ಮಂತ್ರಿ. 1730ರಲ್ಲಿ ಪದವಿ ಬಿಟ್ಟು ನಾರ್ಫಕ್ ಪ್ರಾಂತದ ತನ್ನ ಜಹಗೀರಿಗೆ ಹೋಗಿ ಹೊಲಗಳಲ್ಲಿ ಟರ್ನಿಪ್ ಬೆಳೆಸುವ ಪ್ರಚಾರಕ್ಕೆ ನಿಂತು, ಜನರ ಬಾಯಲ್ಲಿ ‘ಟರ್ನಿಪ್ ಟೌನ್‌ಷೆಂಡ್’ ಆದ. ಆತ ಪದವಿ ಬಿಟ್ಟದ್ದು ಪ್ರಧಾನಿ ವಾಲ್ಪೋಲನೊಡನೆ ಮನಸ್ತಾಪವಾಗಿ. ವಾಲ್ಪೋಲನಾದರೋ ಆತನ ಹೆಂಡತಿಯ ಅಣ್ಣ. ಟರ್ನಿಪ್ಪಿಗೂ ಭಾವಂದಿರಿಗೂ ಇರುವ ಸಂಬಂಧ ಇಂದಿನದಲ್ಲವೆಂದು ತಿಳಿದು ನನಗೆ ಅಷ್ಟಿಷ್ಟು ಸಮಾಧಾನವಾಯಿತು. ಆ ಟರ್ನಿಪ್ಪು ಮುಖ್ಯವಾಗಿ ಚಳಿಗಾಲದಲ್ಲಿ ದನಗಳ ಮೇವಿಗಾಗಿ ಎಂಬ ಭಾಗವನ್ನು ನಾನು ಒತ್ತಿ ಓದಿದೆ. ನಮ್ಮ ತಾಯಿಯವರು, ‘ನಾನು ಅಂದದ್ದೂ ಅದೇ’ ಎಂದರು. ಭಾವನವರಿಗೆ ಅದು ಕೇಳಿಸಲೇ ಇಲ್ಲ. ‘ನೋಡಿದಿರಾ, ರಿಟೈರಾದ ಮೇಲೆ ಮನುಷ್ಯ ಹೀಗಿರಬೇಕು’ ಎಂದು ಎದ್ದು ಮಫ್ಲರು ಸುತ್ತಿಕೊಂಡರು.

ಆ ರುಚಿ ಯಾವುದೆಂದು ಒಂದು ಸಂಜೆ ಅವರೇ ಹೇಳಿದರು. ಕರೋಲ್‌ಬಾಗಿನಲ್ಲಿ ಅವರ ಮೊದಲ ಬಾಡಿಗೆಯ ಕೋಣೆಯ ಪಕ್ಕದಲ್ಲಿ, 1947ರಲ್ಲಿ ರಾವಲ್ಪಿಂಡಿಯಲ್ಲಿದ್ದ ಮನೆಮಠವನ್ನು ಕಳೆದುಕೊಂಡು ಬಂದ ಒಂದು ಕುಟುಂಬವಿತ್ತು. ಆ ಮನೆಯ ಮುದುಕಿ, ಒಂಟಿಯಾಗಿದ್ದ ಈ ಮದ್ರಾಸಿ ಹುಡುಗನಿಗೆ (ಅಲ್ಲಿ ನಾವೆಲ್ಲರೂ ಮದ್ರಾಸಿಗಳೇ) ಚಳಿಗಾಲದ ರಾತ್ರಿಗಳಲ್ಲಿ ಬಟ್ಟಲು ತುಂಬ ಶಲ್ಗಮ್ ಕಳಿಸುತ್ತಿದ್ದಳು. ಕಳಿಸುವಾಗಲೆಲ್ಲ ಒಂದು ಮಾತು: ಇದು ಶಲ್ಗಮ್ಮೇ ಅಲ್ಲ, ಮಗು, ಪಿಂಡಿಯ ಶಲ್ಗಮ್ಮಿನ ರುಚಿ ಇದಕ್ಕೆಲ್ಲಿ ಬರಬೇಕು? ಭಾವನವರು ಇಷ್ಟು ಹೇಳಿ ಸುಮ್ಮನಾದರು. ನನಗೂ ಹಾಸ್ಯ ತೋಚಲಿಲ್ಲ. ಆಕೆ ರಾವಲ್ಪಿಂಡಿಯನ್ನು ಕರೋಲ್‌ಬಾಗಿನಲ್ಲಿ ಹುಡುಕಿದಳು. ಇವರು ಕರೋಲ್‌ಬಾಗನ್ನು ನಮ್ಮ ಬಾಣಲೆಯಲ್ಲಿ ಹುಡುಕುತ್ತಿದ್ದಾರೆ.

ಕರುಣರಸ ಇಷ್ಟಕ್ಕೆ ಸಾಕು. ಏಕೆಂದರೆ ನನ್ನ ಹೆಂಡತಿಯ ಪೆಟ್ಟಿಗೆಯಲ್ಲಿ ಅಣ್ಣ ದೆಹಲಿಯಿಂದ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟೊಂದಿದೆ. ಪ್ರತಿ ಡಿಸೆಂಬರಿನ ಪತ್ರವೂ ‘ಅವರೆಕಾಯಿ ಬಂತೆ?’ ಎಂದೇ ಆರಂಭವಾಗುತ್ತದೆ. ಈ ಕಡೆಯಿಂದ ಹೊರಟವರ ಕೈಯಲ್ಲಿ ತರಿಸಿಕೊಂಡ ಕಾಯಿ ಎರಡು ರಾತ್ರಿಯ ರೈಲಿನಲ್ಲಿ ಕಪ್ಪಿಟ್ಟದ್ದೂ, ಅದನ್ನೇ ಹಿದುಕಿ ಸಾರು ಮಾಡಿ ಪಕ್ಕದವರಿಗೆ ಕೊಟ್ಟು ‘ಆ ರುಚಿ ಬರಲಿಲ್ಲ’ವೆಂದು ಕೊರಗಿದ್ದೂ ಅವುಗಳಲ್ಲಿ ದಾಖಲಾಗಿದೆ. ಒಂದು ಪತ್ರದಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿದೆ: ‘ಇಲ್ಲಿ ತರಕಾರಿಯೆಂದರೆ ಶಲ್ಗಮ್ ಎಂಬ ಒಂದು ಕಸ, ಬಾಯಿಗೆ ಇಡಲಾಗದು.’ ಇದನ್ನು ಭಾವನವರ ಮುಂದೆ ಹಿಡಿಯಬೇಕೆಂಬುದು ನನ್ನ ಬಹುದಿನದ ಆಸೆ. ‘ಅಣ್ಣನಿಗೆ ತೋರಿಸಿದರೆ ನೋಡಿ!’ ಎಂದು ಆಕೆ ಪೆಟ್ಟಿಗೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ.

ನಿಮ್ಮ ಮನೆಗೂ ಇಂಥವರೊಬ್ಬರು ಬರುವುದುಂಟಾದರೆ ಒಂದು ಮಾತು ಹೇಳುತ್ತೇನೆ. ಚೀಲದಿಂದ ಚಿಕ್ಕ ಗಡ್ಡೆಗಳನ್ನು ಆರಿಸಿ, ತೊಗರಿಬೇಳೆಯ ಹುಳಿಗೆ ಮೂಲಂಗಿಯ ಸ್ಥಾನದಲ್ಲಿ ಹಾಕಿ ನೋಡಿ, ಬಹಳ ಚೆನ್ನಾಗಿರುತ್ತದೆ. ಇದನ್ನು ನಮ್ಮ ಭಾವನವರಿಗೆ ಮಾತ್ರ ದಯವಿಟ್ಟು ತಿಳಿಸಬೇಡಿ. ಈಗ ಒಂದು ಚೀಲ ತರುವವರು ಎರಡು ತಂದಾರು.